ಹಳೆಯ ಕೊಡವೂ ಪರಿಗ್ರಹ ಪರಿಮಾಣವೂ

ಶ್ರಾವಕನಿಗೆ ವಿಹಿತವಾದ ಐದು ಅಣುವ್ರತಗಳಲ್ಲಿ ಪರಿಗ್ರಹ ಪರಿಮಾಣವು ಕಡೆಯದು. ಆಚರಣೆಯಲ್ಲಿಯೂ ಅದನ್ನು ಕಡೆಗೇ ಉಳಿಸಿಕೊಳ್ಳುವವರು ನಮ್ಮಲ್ಲಿ ಹೆಚ್ಚು. ಅಷ್ಟಮಿ ಚತುರ್ದಶಿಗಳಲ್ಲಿ ಉಪವಾಸವಿರುವ ಮನೆಗಳಿವೆ. ರಾತ್ರಿಭೋಜನವನ್ನು ತಲೆತಲಾಂತರದಿಂದ ಬಿಟ್ಟ ಮನೆಗಳಿವೆ. ಆದರೆ ಇಷ್ಟೇ ಪಾತ್ರೆ, ಇಷ್ಟೇ ವಸ್ತ್ರ, ಇದಕ್ಕಿಂತ ಮೇಲೆ ಬೇಡ ಎಂದು ಎಣಿಸಿ ನಿಂತ ಮನೆಗಳು ಎಷ್ಟಿವೆ ಎಂದು ಕೇಳಿದರೆ ಉತ್ತರ ಕೊಡಲು ನಾವು ಸ್ವಲ್ಪ ತಡವರಿಸಬೇಕಾಗುತ್ತದೆ.

ಈ ಪ್ರಶ್ನೆಯನ್ನೆತ್ತಿದಾಗ ಸಾಮಾನ್ಯವಾಗಿ ಒಂದು ಸಮಾಧಾನ ದೊರೆಯುತ್ತದೆ. “ನಾವು ದುಂದುಗಾರರಲ್ಲ. ಹಳೆಯ ಸೀರೆ ಕೌದಿಯಾಗುತ್ತದೆ, ಕೌದಿ ಹರಿದರೆ ಒರಸುವ ಬಟ್ಟೆಯಾಗುತ್ತದೆ. ಹೊಸದನ್ನು ಕೊಳ್ಳುವುದಕ್ಕಿಂತ ಯಾರೋ ಬಳಸಿದ್ದನ್ನು ಅರ್ಧ ಬೆಲೆಗೆ ತರುತ್ತೇವೆ. ಇದೇ ಅಪರಿಗ್ರಹವಲ್ಲವೆ?” ಹೀಗೆ ಕೇಳುವವರಲ್ಲಿ ಈ ಲೇಖಕನೂ ಒಬ್ಬನಾಗಿದ್ದನು. ಮಿತವ್ಯಯವೂ ವ್ರತವೂ ಒಂದೆಯೇ, ಅಥವಾ ಅವು ಒಂದೇ ಬೀದಿಯಲ್ಲಿ ನಡೆಯುವ ಇಬ್ಬರು ಬೇರೆ ಬೇರೆ ಪಥಿಕರೇ ಎಂಬುದನ್ನು ವಿಚಾರ ಮಾಡುವುದು ಈ ಲೇಖನದ ಉದ್ದೇಶ.

ಮೊದಲು ಶಾಸ್ತ್ರದ ಮಾತನ್ನು ನೋಡೋಣ. ಉಮಾಸ್ವಾಮಿ ಆಚಾರ್ಯರು ತತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಪರಿಗ್ರಹವನ್ನು ಮೂರ್ಛೆ ಎಂದು ಗುರುತಿಸಿದ್ದಾರೆ. ವಸ್ತುವಿನಲ್ಲಿ ಮನಸ್ಸು ಮೈಮರೆತು ಅಂಟಿಕೊಳ್ಳುವುದೇ ಮೂರ್ಛೆ. ಬಾಹ್ಯ ಪರಿಗ್ರಹವು 10 ಬಗೆ, ಅಂತರಂಗ ಪರಿಗ್ರಹವು 14 ಬಗೆ ಎಂದು ನಮ್ಮ ಪರಂಪರೆಯು ಎಣಿಸುತ್ತದೆ. ಹೊಲ, ಮನೆ, ಚಿನ್ನ, ಬೆಳ್ಳಿ, ಧನ, ಧಾನ್ಯಗಳ ಜೊತೆಯಲ್ಲಿ ಕುಪ್ಯ, ಭಾಂಡ ಎಂಬ ಎರಡು ಹೆಸರುಗಳೂ ಬರುತ್ತವೆ. ಕುಪ್ಯವೆಂದರೆ ವಸ್ತ್ರಾದಿಗಳು, ಭಾಂಡವೆಂದರೆ ಪಾತ್ರೆಗಳು. ರಾಜ್ಯವನ್ನೂ ಭಂಡಾರವನ್ನೂ ಕುರಿತು ಹೇಳಬಲ್ಲ ಶಾಸ್ತ್ರವು ಗೃಹಿಣಿಯ ಅಡಿಗೆಮನೆಯ ತಪ್ಪಲೆ ತಂಬಿಗೆಗಳನ್ನು ಮರೆಯಲಿಲ್ಲ ಎಂಬುದನ್ನು ನಾವು ಗಮನಿಸಬೇಕು.

ಸಮಂತಭದ್ರ ಸ್ವಾಮಿಗಳ ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗ ಮತ್ತು ಉಪಭೋಗಗಳ ಭೇದವನ್ನು ಹೇಳಿದೆ. ಅನ್ನದಂತೆ ಒಮ್ಮೆ ಅನುಭವಿಸಿ ಬಿಡುವಂಥದು ಭೋಗ; ವಸ್ತ್ರದಂತೆ ಮತ್ತೆ ಮತ್ತೆ ಅನುಭವಿಸುವಂಥದು ಉಪಭೋಗ. ಕಾಲದ ಮಿತಿಯಿಟ್ಟು ಮಾಡುವ ತ್ಯಾಗ ನಿಯಮ, ಯಾವಜ್ಜೀವ ಮಾಡುವ ತ್ಯಾಗ ಯಮ. ಮತ್ತೆ ಮತ್ತೆ ಬಳಸುವುದು ಉಪಭೋಗ ವಸ್ತುವಿನ ಲಕ್ಷಣವೇ ಆಗಿದೆ. ಹಾಗಿರುವಾಗ ಒಮ್ಮೆ ಉಟ್ಟು ಮೂಲೆಗೆಸೆದ ವಸ್ತ್ರವನ್ನು ಏನೆಂದು ಕರೆಯಬೇಕು? ಉಪಭೋಗವಾಗಬೇಕಾದುದನ್ನು ನಾವು ಭೋಗವನ್ನಾಗಿ ಮಾಡಿದೆವು; ಸೀರೆಯನ್ನು ಅನ್ನದಂತೆ ಉಂಡು ಎಲೆಯನ್ನು ಬಿಸಾಡಿದೆವು. ಇಷ್ಟರಮಟ್ಟಿಗೆ, ಇರುವ ವಸ್ತುವನ್ನು ಅದರ ಆಯುಸ್ಸು ತೀರುವವರೆಗೆ ಬಳಸುವುದು ಶಾಸ್ತ್ರಸಮ್ಮತವಾದ ಮಾರ್ಗವೆಂಬುದರಲ್ಲಿ ಸಂದೇಹವಿಲ್ಲ.

ನಾವು ವಾಸಿಸುವ ಈ ಶಿಕಾರಿಪುರ ಸೊರಬಗಳ ಸೀಮೆಯು ಪೂರ್ವದಲ್ಲಿ ನಾಗರಖಂಡವೆಂದು ಪ್ರಸಿದ್ಧವಾಗಿತ್ತು. 10ನೆಯ ಶತಮಾನದ ಆದಿಭಾಗದಲ್ಲಿ, ರಾಷ್ಟ್ರಕೂಟ ಇಮ್ಮಡಿ ಕೃಷ್ಣನ ಕಾಲದಲ್ಲಿ, ನಾಗರಖಂಡ 70ರ ನಾಳ್ಗಾವುಂಡನಾಗಿದ್ದ ಸತ್ತರಸ ನಾಗಾರ್ಜುನನು ತೀರಿಕೊಂಡಾಗ ಅವನ ಪತ್ನಿ ಜಕ್ಕಿಯಬ್ಬೆಗೆ ಆ ಪದವಿ ದೊರೆಯಿತು. ಆಕೆ ದಕ್ಷತೆಯಿಂದ ನಾಡನ್ನಾಳಿ, ರೋಗವು ಬಾಧಿಸಿದಾಗ ಅಧಿಕಾರವನ್ನು ಮಗಳಿಗೊಪ್ಪಿಸಿ, ಬಂದಳಿಕೆಯ ಬಸದಿಗೆ ಬಂದು ಸಲ್ಲೇಖನ ವ್ರತದಿಂದ ದೇಹವನ್ನು ಬಿಟ್ಟಳೆಂದು ಅಲ್ಲಿಯ ಶಾಸನ ಸಾರುತ್ತದೆ. 11ನೆಯ ಶತಮಾನದಲ್ಲಿ ಕದಂಬ ಕೀರ್ತಿದೇವನ ರಾಣಿ ಮಾಳಲದೇವಿಯು ಸೊರಬ ಸೀಮೆಯ ಕುಪ್ಪಟೂರಿನಲ್ಲಿ ಪಾರ್ಶ್ವದೇವ ಚೈತ್ಯಾಲಯವನ್ನು ಮಾಡಿಸಿದಳು. ಹಿರೇಆವಲಿಯಲ್ಲಿ ಗೃಹಸ್ಥ ಸ್ತ್ರೀಪುರುಷರ ನಿಷಿಧಿಗಲ್ಲುಗಳು ಸಾಲುಗೊಂಡಿವೆ. ಅಧಿಕಾರವನ್ನಾಗಲಿ ದೇಹವನ್ನಾಗಲಿ ಕಾಲವರಿತು ಕೈಬಿಡುವುದನ್ನು ಕಲಿತಿದ್ದ ಜನ ಬಾಳಿದ ನೆಲವಿದು. ನಮಗಾದರೋ ಅಟ್ಟದ ಮೇಲಿನ ತೂತುಬಿದ್ದ ಬಕೀಟನ್ನು ಕೈಬಿಡುವುದೂ ಕಷ್ಟವಾಗಿದೆ.

ನಮ್ಮ ಹಿರಿಯರ ಮನೆಗಳಲ್ಲಿ ಸವೆಯುವ ತನಕ ಬಳಸುವ ವಿದ್ಯೆ ಸಹಜವಾಗಿತ್ತು. ಅಡಿಕೆ ತೋಟದಲ್ಲಿ ಉದುರಿದ ಹಾಳೆ ಊಟದ ಎಲೆಯಾಗುತ್ತಿತ್ತು, ಕೆಲಸಗಾರನ ಟೋಪಿಯಾಗುತ್ತಿತ್ತು, ಕೊನೆಗೆ ಬಚ್ಚಲ ಒಲೆಗೆ ಸೇರಿ ಬೂದಿಯಾಗಿ ಪಾತ್ರೆ ಬೆಳಗಲು ಒದಗುತ್ತಿತ್ತು. ಹಿತ್ತಾಳೆ ತಾಮ್ರದ ಪಾತ್ರೆಗಳ ಒಳಮೈ ಸವೆದಾಗ ಕಲಾಯಿಯವನು ಬಂದು, ನವಸಾಗರದ ಪುಡಿಯೆರಚಿ, ಕಾದ ಪಾತ್ರೆಗೆ ತವರವನ್ನು ಸವರಿ, ಹುಳಿ ಹಾಕಿದರೆ ಕಿಲುಬೇರದಂತೆ ಮಾಡಿಕೊಡುತ್ತಿದ್ದನು. ಸೊರಬದ ಗುಡಿಗಾರರು ಇಂದಿಗೂ ಶ್ರೀಗಂಧದ ಕೆತ್ತನೆಗೆ ಹೆಸರಾದವರು. ಉಳಿಯಿಂದುದುರಿದ ಚಕ್ಕೆಯನ್ನಾಗಲಿ ಹುಡಿಯನ್ನಾಗಲಿ ಕಸವೆಂದು ಯಾರೂ ಗುಡಿಸಿ ಎಸೆಯುವುದಿಲ್ಲ. ಆದರೆ ಗಂಧದ ಹುಡಿಯನ್ನು ಉಳಿಸುವುದು ಅದರ ಬೆಲೆಗಾಗಿ. ಬೆಲೆಯಿಲ್ಲದ ಹಾಳೆಯನ್ನೂ, ಬೆಲೆ ಕೇಳದ ನೀರನ್ನೂ ಅದೇ ಗೌರವದಿಂದ ಕಾಣುವಾಗ ಮಾತ್ರ ಅಲ್ಲಿ ವ್ರತದ ಗಂಧವಿದೆ. ಪ್ರಯೋಜನವಿಲ್ಲದೆ ನೀರು ಚೆಲ್ಲುವುದು, ಬೆಂಕಿ ಉರಿಸುವುದು, ಹಸಿರು ಕಡಿಯುವುದು ಅನರ್ಥದಂಡವೆಂದು ಆಚಾರ್ಯರು ನಿಷೇಧಿಸಿದ್ದಾರೆ. ಅಗತ್ಯಕ್ಕಿಂತ ಹೆಚ್ಚು ಉಪಭೋಗ ಸಾಮಗ್ರಿಯನ್ನು ಕೂಡಿಡುವುದು ಆ ವ್ರತದ ಅತಿಚಾರಗಳಲ್ಲಿ ಒಂದು.

ಇಷ್ಟು ತಿಳಿದಿದ್ದ ನನಗೆ ಕೆಲವು ವರ್ಷಗಳ ಹಿಂದೆ ಒಂದು ಪ್ರಸಂಗ ಒದಗಿತು. ಭಾದ್ರಪದ ಮಾಸ ಸಮೀಪಿಸಿತ್ತು. ಶಿರಾಳಕೊಪ್ಪಕ್ಕೆ ಕಾರ್ಯನಿಮಿತ್ತ ಹೋದವನು ಒಂದು ಗುಜರಿ ಅಂಗಡಿಯ ಮುಂದೆ ಹಿತ್ತಾಳೆಯ ಕೊಡವೊಂದನ್ನು ಕಂಡೆನು. ಕಂಠ ಸ್ವಲ್ಪ ನೆಗ್ಗಿತ್ತು; ಮೈ ಗಟ್ಟಿಮುಟ್ಟಾಗಿತ್ತು. ಹೊಸ ಕೊಡಕ್ಕೆ ಕೊಡಬೇಕಾದುದರ ಅರ್ಧಕ್ಕಿಂತ ಕಡಿಮೆಗೆ, ಬರಿಯ ಲೋಹದ ತೂಕದ ಲೆಕ್ಕದಲ್ಲಿ, ಅದು ನನಗೆ ದೊರೆಯಿತು. ಹೊಸದನ್ನು ಕೊಳ್ಳಲಿಲ್ಲ, ಒಂದು ಒಳ್ಳೆಯ ವಸ್ತುವನ್ನು ಕರಗುವುದರಿಂದ ಉಳಿಸಿದೆ, ಹಣವನ್ನೂ ಉಳಿಸಿದೆ ಎಂಬ ಮೂರು ಸಂತೋಷಗಳನ್ನು ಹೊತ್ತು ಶಿಕಾರಿಪುರಕ್ಕೆ ಮರಳಿದೆನು.

ಮನೆಯಲ್ಲಿ ಹುಣಿಸೆಹಣ್ಣು ಹಚ್ಚಿ ಬೆಳಗಿದಾಗ ಕಂಠದ ಕೆಳಗೆ ಚುಕ್ಕೆಚುಕ್ಕೆಯಾಗಿ ಕೊರೆದ ಅಕ್ಷರಗಳು ಮೂಡಿದವು. ಒಬ್ಬ ಶ್ರಾವಿಕೆಯ ಹೆಸರು, ಸೊರಬ ಕಡೆಯ ಒಂದು ಗ್ರಾಮದ ಹೆಸರು, ಅದರ ಮುಂದೆ “ಅನಂತ ನೋಂಪಿ ಉದ್ಯಾಪನೆ” ಎಂಬ ಬರಹ. ನನ್ನ ಮನೆಯವರು ಕೈಯಲ್ಲಿದ್ದ ಕೊಡವನ್ನು ಮೆಲ್ಲನೆ ಕೆಳಗಿಟ್ಟು, “ಇದು ಬಸದಿಗೆ ಕೊಟ್ಟ ಕೊಡವಾಗಿದ್ದರೆ?” ಎಂದರು.

ಆ ಒಂದು ಮಾತಿನಿಂದ ನನ್ನ ಮೂರು ಸಂತೋಷಗಳೂ ಇಳಿದುಹೋದವು. 14 ವರ್ಷ ಅನಂತ ಚತುರ್ದಶಿಯ ವ್ರತವನ್ನು ನಡೆಸಿ ಉದ್ಯಾಪನೆ ಮಾಡುವವರು ಬಸದಿಗೆ ಉಪಕರಣಗಳನ್ನು ಒಪ್ಪಿಸುವುದು ರೂಢಿ. ಬಸದಿಯ ವಸ್ತುವು ಗುಜರಿಗೆ ಬಂದಿದ್ದರೆ ಅದು ಕದ್ದ ವಸ್ತುವೇ ಸರಿ. ಕಳ್ಳನು ತಂದ ವಸ್ತುವನ್ನು ಕೊಳ್ಳುವುದು ‘ತದಾಹೃತಾದಾನ’ವೆಂಬ ಹೆಸರಿನಿಂದ ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಲ್ಪಟ್ಟಿದೆ. ಮೇಲಾಗಿ ದೇವದ್ರವ್ಯವನ್ನು ಮನೆಗೆ ತಂದ ದೋಷವೂ ಸೇರುತ್ತದೆ. ಪರಿಗ್ರಹವನ್ನು ಕಡಿಮೆ ಮಾಡಹೊರಟವನು ಚೌರ್ಯದ ಹೊಸ್ತಿಲಲ್ಲಿ ನಿಂತಿದ್ದೆನು. ಅಂಗಡಿಯಲ್ಲಿ ಎಲ್ಲಿಂದ ಬಂತೆಂದು ವಿಚಾರಿಸಿದರೆ, “ತೂಕಕ್ಕೆ ಬಂದದ್ದು, ತೂಕಕ್ಕೆ ಕೊಟ್ಟದ್ದು, ಹೆಸರು ನೋಡಿ ನಾವೇನು ಮಾಡೋಣ ಸ್ವಾಮಿ?” ಎಂಬ ಉತ್ತರ ಬಂದಿತು. ಅವನ ದೃಷ್ಟಿಯಿಂದ ಅದು ಸಹಜವಾದ ಮಾತು. ಕೊಳ್ಳುವಾಗ ನಾನು ಕೇಳದಿದ್ದ ಪ್ರಶ್ನೆಯನ್ನು ಅವನೇಕೆ ತಲೆಗೆ ಹಚ್ಚಿಕೊಳ್ಳಬೇಕು?

ಒಂದು ಭಾನುವಾರ ಕೊಡವನ್ನು ಚೀಲದಲ್ಲಿಟ್ಟುಕೊಂಡು ಆ ಗ್ರಾಮಕ್ಕೆ ಹೋದೆನು. ಹೆಸರಿನ ಒಡತಿ ಇನ್ನೂ ಇದ್ದರು. ವಯಸ್ಸು ಎಂಬತ್ತರ ಸಮೀಪ. ಜೈ ಜಿನೇಂದ್ರ ಹೇಳಿ ಕೊಡವನ್ನು ಮುಂದಿಟ್ಟೆನು. ಅವರು ಕಣ್ಣಿನ ಹತ್ತಿರಕ್ಕೆ ತಂದುಕೊಂಡು ಅಕ್ಷರಗಳ ಮೇಲೆ ಬೆರಳಾಡಿಸಿದರು.

“ಬಸದಿಯದು ಬಸದಿಯಲ್ಲೇ ಇದೆ ತಮ್ಮಾ. ಎರಡು ಮಾಡಿಸಿದ್ದೆವು. ಇದು ಮನೆಯದು” ಎಂದರು. ನನಗೆ ಉಸಿರು ಬಂದಂತಾಯಿತು. ಆದರೆ ಅವರ ಮುಂದಿನ ಮಾತು ಆ ಉಸಿರನ್ನು ಮತ್ತೆ ತಡೆಯಿತು. “ಮೊಮ್ಮಗನ ಕಾಲೇಜಿಗೆ ಕಟ್ಟಬೇಕಾಗಿತ್ತು. ಇದೊಂದೇ ಅಲ್ಲ, ಹಂಡೆ, ಕೊಳಗ, ಎಲ್ಲ ಕೊಟ್ಟೆವು. ಒಡೆದು ಕರಗಿಸುತ್ತಾರೆ ಎಂದು ತಿಳಿದಿದ್ದೆ.”

“ಅಮ್ಮಾ, ಇದನ್ನು ನೀವೇ ಇಟ್ಟುಕೊಳ್ಳಿ. ನನಗೆ ಹಣ ಬೇಡ” ಎಂದೆನು.

“ನಾನು ಮಾರಿದ್ದೇನೆ, ನೀವು ಕೊಂಡಿದ್ದೀರಿ. ಮಾರಿದ್ದನ್ನು ಪುನಃ ಹೇಗೆ ಇಟ್ಟುಕೊಳ್ಳಲಿ? ನಿಮ್ಮ ಮನೆಯಲ್ಲಿ ನೀರು ಸೋಸಿ ತುಂಬಿಸುತ್ತೀರಷ್ಟೆ?” ಎಂದು ಕೇಳಿದರು. ಹೌದೆಂದೆನು. “ಹಾಗಾದರೆ ಚತುರ್ದಶಿಯ ಉಪವಾಸ ಮಾಡಿದವರಿಗೆ ಪಾರಣೆಯ ದಿನ ಇದರ ನೀರು ಕೊಡಿ. ಅಷ್ಟು ಸಾಕು” ಎಂದು ಕೊಡವನ್ನು ನನ್ನತ್ತ ಸರಿಸಿದರು.

ತೂಕದ ಬೆಲೆಗೂ ಯೋಗ್ಯವಾದ ಬೆಲೆಗೂ ಇರುವ ವ್ಯತ್ಯಾಸವನ್ನಾದರೂ ಸ್ವೀಕರಿಸಬೇಕೆಂದು ಕೇಳಿದೆನು. ಅವರು ಒಪ್ಪಲಿಲ್ಲ. ಹುಡುಗನಿಗೆ ಮುಂದಿನ ವರ್ಷದ ಪುಸ್ತಕಗಳನ್ನು ಹುಡುಕಿಕೊಡುವೆನೆಂದಾಗ ಮಾತ್ರ ಅಡ್ಡಿ ಹೇಳಲಿಲ್ಲ. ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ಅಂಗಡಿಗಳಿಂದ ಅವುಗಳನ್ನು ತರಿಸಿದೆನು. ಓದಿದ ಪುಸ್ತಕ ಎಂಜಲಾಗುವುದಿಲ್ಲ. ಶಾಸ್ತ್ರದಾನವೆಂಬ ನಮ್ಮ ಪರಂಪರೆಯೇ ಕೈಯಿಂದ ಕೈಗೆ ದಾಟಿದ ಓಲೆಗರಿಗಳ ಮೇಲೆ ನಿಂತಿದೆ. ಷಟ್ಖಂಡಾಗಮದ ಧವಲಾದಿ ಟೀಕೆಗಳು ನಮಗುಳಿದದ್ದು ಮೂಡಬಿದಿರೆಯಲ್ಲಿ ಹಳೆಯ ಗರಿಗಳನ್ನು ಜೋಪಾನ ಮಾಡಿದವರಿಂದ.

ಆ ದಿನದಿಂದ ಈ ವಿಷಯದಲ್ಲಿ ನನ್ನ ವಿಚಾರ ಬದಲಾಯಿತು. ಬಳಸಿದ ವಸ್ತು ಅಗ್ಗವಾಗಿ ದೊರೆಯುವಾಗ ಆ ಅಗ್ಗವು ಎಲ್ಲಿಂದ ಬಂದಿತೆಂದು ಕೇಳುವುದು ಕೊಳ್ಳುವವನ ಕರ್ತವ್ಯ. ಒಡೆಯನಿಗೆ ಬೇಡವಾಗಿ ಬಂದಿರಬಹುದು, ಅದು ನಿರ್ದೋಷ. ಕಳ್ಳತನದಿಂದ ಬಂದಿರಬಹುದು, ಅದನ್ನು ಶಾಸ್ತ್ರವೇ ತಡೆದಿದೆ. ಇನ್ನೊಬ್ಬರ ಕಷ್ಟದಿಂದ ಬಂದಿರಬಹುದು. ಈ ಮೂರನೆಯದಕ್ಕೆ ಸೂತ್ರದಲ್ಲಿ ಪ್ರತ್ಯೇಕವಾದ ಹೆಸರಿಲ್ಲದಿದ್ದರೂ, ಪರರ ಸಂಕಟವನ್ನು ನಮ್ಮ ಉಳಿತಾಯವೆಂದು ಎಣಿಸಿ ಹಿಗ್ಗುವುದು ಅಹಿಂಸಾಧರ್ಮಿಗೆ ಒಪ್ಪುವುದೆ? ಕೊಳ್ಳಬಾರದೆಂದು ನಾನು ಹೇಳಲಾರೆ. ಕೊಳ್ಳುವವರೇ ಇಲ್ಲದಿದ್ದರೆ ಆ ತಾಯಿಗೆ ಅಷ್ಟೂ ದೊರೆಯುತ್ತಿರಲಿಲ್ಲ. ಆದರೆ ಮಾರುವವನು ಎದುರಿಗೇ ಇದ್ದು ಸಂಕಟದಲ್ಲಿರುವಾಗ ಚೌಕಾಸಿ ಮಾಡದೆ ಯೋಗ್ಯ ಬೆಲೆ ಕೊಡುವುದು ಸಾಧ್ಯವಿರುವ ಧರ್ಮ.

ಎರಡನೆಯ ಅಪಾಯವು ಇನ್ನೂ ಸೂಕ್ಷ್ಮವಾದುದು. ಅಗ್ಗವು ಸಂಖ್ಯೆಯನ್ನು ಬೆಳೆಸುತ್ತದೆ. ಹೊಸ ಕೊಡವೊಂದನ್ನು ಕೊಳ್ಳಲು ಹತ್ತು ದಿನ ಯೋಚಿಸುವವನು ಹಳೆಯ ಕೊಡ ಮೂರನ್ನು ಒಂದೇ ಗಳಿಗೆಯಲ್ಲಿ ಕೊಳ್ಳುತ್ತಾನೆ. ವ್ರತವು ಎಣಿಸುವುದು ವಸ್ತುವನ್ನು. ಅದು ಹೊಸದೋ ಹಳೆಯದೋ ಎಂದು ವಿಚಾರಿಸುವುದಿಲ್ಲ. ಪರಿಗ್ರಹ ಪರಿಮಾಣದ ಅತಿಚಾರಗಳನ್ನು ಹೇಳುವಾಗ ಸಮಂತಭದ್ರ ಸ್ವಾಮಿಗಳು ಅತಿಸಂಗ್ರಹವನ್ನೂ ಲೋಭವನ್ನೂ ಹೆಸರಿಸಿದ್ದಾರೆ; ಇನ್ನೊಬ್ಬರ ವೈಭವವನ್ನು ಕಂಡು ಬೆರಗಾಗುವ ವಿಸ್ಮಯವನ್ನೂ ಬಿಟ್ಟಿಲ್ಲ. ಅಗ್ಗದ ವಸ್ತುವನ್ನು ತಂದು ನೆರೆಯವರಿಗೆ ತೋರಿಸಿ, “ಇಷ್ಟಕ್ಕೇ ಸಿಕ್ಕಿತು” ಎಂದು ಹೇಳಿಕೊಳ್ಳುವ ಸುಖವಿದೆಯಲ್ಲ, ಅದರಲ್ಲಿ ಲೋಭವೂ ಮಾನವೂ ಒಟ್ಟಿಗೆ ಕುಳಿತಿರುತ್ತವೆ.

ಹಾಗೆಯೇ ಉಳಿದ ಹಣ ಎಲ್ಲಿಗೆ ಹೋಯಿತೆಂಬುದನ್ನೂ ನೋಡಬೇಕು. ಪಾತ್ರೆಯಲ್ಲಿ ಉಳಿಸಿದ್ದು ಬಂಗಾರದಲ್ಲಿ ಸೇರಿದರೆ ಪರಿಗ್ರಹವು ಭಾಂಡದ ಮನೆಯಿಂದ ಸುವರ್ಣದ ಮನೆಗೆ ವಾಸ ಬದಲಿಸಿತೇ ಹೊರತು ಒಂದು ಗುಲಗಂಜಿಯಷ್ಟೂ ಕಡಿಮೆಯಾಗಲಿಲ್ಲ. ಮಿತವ್ಯಯವು ವ್ರತವಾಗುವುದು ಉಳಿದದ್ದು ಆಹಾರ, ಔಷಧ, ಶಾಸ್ತ್ರ, ಅಭಯವೆಂಬ ನಾಲ್ಕು ದಾನಗಳ ಕಡೆಗೆ ಹರಿದಾಗ.

ಸಂಗ್ರಹದಿಂದ ಹಿಂಸೆಯೂ ಹುಟ್ಟುತ್ತದೆ. ಮಲೆನಾಡಿನ ಮಳೆಗಾಲವನ್ನು ಬಲ್ಲ ವಾಚಕರಿಗೆ ಇದನ್ನು ವಿವರಿಸಬೇಕಾಗಿಲ್ಲ. ಎಂದಾದರೂ ಬೇಕಾದೀತೆಂದು ಅಟ್ಟದಲ್ಲಿ ತುರುಕಿದ ಬಟ್ಟೆ, ಚಾಪೆ, ಕಾಗದಗಳಲ್ಲಿ ಆಷಾಢ ಕಳೆಯುವಷ್ಟರಲ್ಲಿ ಬೂಷ್ಟು ಹಿಡಿದು, ಜಿರಲೆ ಗೆದ್ದಲುಗಳು ನೆಲಸಿ, ಅಸಂಖ್ಯ ಜೀವಗಳು ಮನೆಮಾಡುತ್ತವೆ. ದಶಲಕ್ಷಣ ಪರ್ವಕ್ಕೆಂದು ಮನೆ ಶುದ್ಧಿ ಮಾಡಹೊರಟಾಗ ಆ ಜೀವಗಳ ಗತಿಯೇನು? ನಾವು ಬಳಸದ ವಸ್ತುವನ್ನು ಬಳಸುವವರಿಗೆ ಸಕಾಲದಲ್ಲಿ ಕೊಟ್ಟಿದ್ದರೆ ಆ ಹಿಂಸೆಗೆ ಆಸ್ಪದವೇ ಇರುತ್ತಿರಲಿಲ್ಲ. ವಸ್ತುಗಳನ್ನು ನೋಡಿ ಎತ್ತುವ, ನೋಡಿ ಇಡುವ ಆದಾನನಿಕ್ಷೇಪಣ ಸಮಿತಿಯು ಮುನಿಗಳಿಗೆ ವಿಹಿತ. ಗೃಹಸ್ಥನು ಅದರ ಅಂಶವನ್ನಾದರೂ ಪಾಲಿಸಬೇಕಾದರೆ ನೋಡಿಕೊಳ್ಳಲಾಗುವಷ್ಟೇ ವಸ್ತುಗಳನ್ನು ಇಟ್ಟುಕೊಳ್ಳಬೇಕು.

ಇಲ್ಲಿ ಕೆಲವರು ಒಂದು ಶಂಕೆಯನ್ನೆತ್ತುತ್ತಾರೆ. ರೇಷ್ಮೆಯ ಸೀರೆಯನ್ನು ಹೊಸದಾಗಿ ಕೊಂಡರೆ ಹುಳುಗಳ ವಧೆಗೆ ನಾವು ಕಾರಣರಾಗುತ್ತೇವೆ. ಬೇರೆಯವರು ಉಟ್ಟ ಹಳೆಯ ರೇಷ್ಮೆಯನ್ನು ತಂದರೆ ಆಗಿಹೋದ ಹಿಂಸೆಗೆ ನಾವು ಹೊಣೆಯೆ? ಸಮಾಧಾನವಿದು. ಹಿಂಸೆಯು ಕೃತ, ಕಾರಿತ, ಅನುಮೋದನವೆಂದು ಮೂರು ಬಗೆ. ಹಳೆಯದನ್ನು ಕೊಂಡವನು ತಾನು ಕೊಲ್ಲಲಿಲ್ಲ, ಹೊಸದಾಗಿ ಕೊಲ್ಲಿಸಲೂ ಇಲ್ಲವೆನ್ನಬಹುದು. ಆದರೆ ಅದನ್ನುಟ್ಟು ಬಸದಿಗೆ ಬಂದಾಗ ನೋಡಿದವರಿಗೆ ಅದು ಹಳೆಯದೋ ಹೊಸದೋ ತಿಳಿಯುವುದಿಲ್ಲ. ಅದರ ಹೊಳಪನ್ನು ಮೆಚ್ಚಿದ ಮನಸ್ಸಿನಲ್ಲಿ ಅನುಮೋದನೆಯ ಬೀಜ ಬೀಳುತ್ತದೆ. ಮನೆಯಲ್ಲಿ ಮೊದಲೇ ಇರುವುದನ್ನು ಸವೆಯುವವರೆಗೆ ಬಳಸುವುದು ಬೇರೆ, ಇನ್ನೊಂದನ್ನು ಹುಡುಕಿಕೊಂಡು ಹೋಗುವುದು ಬೇರೆ ಎಂದು ನನ್ನ ಅಲ್ಪಮತಿಗೆ ತೋರುತ್ತದೆ. ವಿದ್ವಾಂಸರು ವಿಚಾರಿಸಬೇಕು.

ಮರುಬಳಕೆಗೆ ಎಲ್ಲೆಯೂ ಉಂಟು. ನೀರು ಸೋಸಲು ದಪ್ಪನೆಯ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಬಳಸಬೇಕೆಂಬುದು ನಮ್ಮ ಮನೆಗಳ ನಿಯಮ. ಸವೆದು ಜಾಳಾದ ಸೀರೆಯ ತುಂಡನ್ನು ಉಳಿತಾಯಕ್ಕೆಂದು ಆ ಕೆಲಸಕ್ಕೆ ಹಚ್ಚಿದರೆ ಜೀವರಕ್ಷಣೆಯ ಉದ್ದೇಶವೇ ಸೋರಿಹೋಗುತ್ತದೆ. ಹಾಗೆಯೇ ನಮಗೆ ಬೇಡವಾದ ಹರಕನ್ನು ಬಡವರಿಗೆ ಕೊಟ್ಟು ಅದನ್ನು ದಾನವೆಂದು ಬರೆದುಕೊಳ್ಳುವುದೂ ಸಲ್ಲದು. ಒಗೆದು, ಹೊಲಿದು, ಗುಂಡಿ ಹಚ್ಚಿ, ನಾವೇ ತೊಡಬಹುದಾದಂತೆ ಮಾಡಿ ಕೊಟ್ಟರೆ ಹಳೆಯ ಅಂಗಿಯೂ ದಾನವಾದೀತು. ಉದ್ಯಾಪನೆಗಳಲ್ಲಿ ಹಂಚುವ ಸ್ಟೀಲಿನ ತಟ್ಟೆ ಡಬ್ಬಿಗಳ ವಿಷಯವನ್ನೂ ಯೋಚಿಸಬೇಕಾಗಿದೆ. ಪ್ರತಿ ಮನೆಯ ಕಪಾಟಿನಲ್ಲಿಯೂ ಯಾರದೋ ಹೆಸರು ಕೊರೆದ, ಯಾರೂ ಬಳಸದ ಪಾತ್ರೆಗಳು ತುಂಬಿವೆ. ತ್ಯಾಗದ ಪೂರ್ತಿಯನ್ನು ಆಚರಿಸಲು ನಾವು ಪರರ ಮನೆಯ ಪರಿಗ್ರಹವನ್ನು ಹೆಚ್ಚಿಸುತ್ತಿದ್ದೇವೆ. ಅದೇ ಹಣ ಒಬ್ಬ ವಿದ್ಯಾರ್ಥಿಯ ಶುಲ್ಕಕ್ಕೆ ಹೋಗಿದ್ದರೆ, ಒಂದು ಮನೆಯ ಉದ್ಯಾಪನೆಯ ಕೊಡ ಗುಜರಿಗೆ ಹೋಗಬೇಕಾಗಿರಲಿಲ್ಲ.

ಬಳಸಿದ ವಸ್ತುವಿಗೆ ಇರಬೇಕಾದ ಗೌರವವನ್ನು ಕಲಿಯಲು ನಾವು ದೂರ ಹೋಗಬೇಕಾಗಿಲ್ಲ. ನಮ್ಮ ಮುನಿಗಳ ಪಿಂಛಿಯು ನವಿಲು ತಾನಾಗಿ ಉದುರಿಸಿದ ಗರಿಗಳಿಂದಾಗುತ್ತದೆ. ಚಾತುರ್ಮಾಸ್ಯ ಮುಗಿದಾಗ ನಡೆಯುವ ಪಿಂಛಿ ಪರಿವರ್ತನೆಯಲ್ಲಿ ಹೊಸ ಪಿಂಛಿಯನ್ನು ಅರ್ಪಿಸುತ್ತಾರೆ. ಹಳೆಯದನ್ನು ಸಂಯಮದ ನಿಯಮ ಸ್ವೀಕರಿಸಿದ ಗೃಹಸ್ಥರಿಗೆ ಕೊಡುತ್ತಾರೆ. ವರ್ಷವಿಡೀ ಸವೆದ ಆ ಗರಿಗಳಿಗೆ ಪೇಟೆಯಲ್ಲಿ ಬೆಲೆಯಿಲ್ಲ. ಅದನ್ನು ಪಡೆಯಲು ಕೊಡಬೇಕಾದ ಬೆಲೆ ಒಂದು ವ್ರತ. ಹಳೆಯ ವಸ್ತುವೊಂದು ಕೈ ಬದಲಿಸುವಾಗ ಪಡೆಯುವವನ ಆಸೆ ಕಡಿಮೆಯಾಗುವ ವ್ಯವಹಾರ ಇದಕ್ಕಿಂತ ಬೇರೊಂದನ್ನು ನಾನು ಕಾಣೆ.

ಆದಕಾರಣ ಮುಂದಿನ ಚಾತುರ್ಮಾಸ್ಯದ ಮಟ್ಟಿಗಾದರೂ ಒಂದು ಚಿಕ್ಕ ನಿಯಮವನ್ನು ಗೃಹಸ್ಥರು ಕೈಕೊಳ್ಳಬಹುದೆಂದು ಸೂಚಿಸುತ್ತೇನೆ. ಮನೆಯ ವಸ್ತ್ರ ಪಾತ್ರೆಗಳನ್ನು ಒಮ್ಮೆ ಎಣಿಸಿ ಬರೆದಿಡುವುದು. ಆ ನಾಲ್ಕು ತಿಂಗಳು ಹೊಸದಾಗಲಿ ಹಳೆಯದಾಗಲಿ ಒಂದು ವಸ್ತು ಒಳಗೆ ಬಂದರೆ ಅದೇ ಜಾತಿಯ ಒಂದು ವಸ್ತು, ಬಳಸಲು ಯೋಗ್ಯವಾದ ಸ್ಥಿತಿಯಲ್ಲಿ, ಅಗತ್ಯವಿದ್ದವರ ಮನೆಗೆ ಹೋಗುವುದು. ಬಳಸಿದ್ದನ್ನು ಕೊಳ್ಳುವಾಗ ಇದು ಯಾರದೆಂದು ಒಮ್ಮೆ ಕೇಳುವುದು. ಇದು ಯಮವಲ್ಲ, ಕಾಲಮಿತಿಯುಳ್ಳ ನಿಯಮ, ಆದ್ದರಿಂದ ಅಂಜಬೇಕಾಗಿಲ್ಲ. ನಾನು ಇದನ್ನು ಕೈಕೊಂಡ ಮೊದಲ ವರ್ಷ ಎಣಿಸುವ ಕೆಲಸವೇ ಮೂರು ದಿನ ಹಿಡಿಯಿತು. ಆ ಮೂರು ದಿನಗಳು ನನ್ನ ಮಿತವ್ಯಯದ ಅಭಿಮಾನವನ್ನು ಬಹುಮಟ್ಟಿಗೆ ಇಳಿಸಿದವು.

ಆ ಕೊಡ ನಮ್ಮ ಮನೆಯಲ್ಲಿದೆ. ಪ್ರತಿ ವರ್ಷ ಭಾದ್ರಪದ ಶುಕ್ಲ ಚತುರ್ದಶಿಯ ಮರುದಿನ ಬೆಳಿಗ್ಗೆ ಅದರಲ್ಲಿ ಸೋಸಿದ ನೀರನ್ನು ತುಂಬಿ ಉಪವಾಸಿಗಳಿಗೆ ಕೊಡುತ್ತೇವೆ. ಕಂಠದ ಮೇಲಿನ ಹೆಸರನ್ನು ಅಳಿಸಿ ನಮ್ಮ ಹೆಸರನ್ನು ಕೊರೆಸಬಾರದೇಕೆಂದು ಬಂಧುಗಳೊಬ್ಬರು ಕೇಳಿದರು. ಬೇಡವೆಂದೆವು. ವಸ್ತುವಿನ ಮೇಲೆ ಇನ್ನೊಬ್ಬರ ಹೆಸರಿದ್ದರೆ ಅದು ನಮ್ಮದೆಂಬ ಮೂರ್ಛೆ ಸ್ವಲ್ಪ ತಡವಾಗಿ ಬರುತ್ತದೆ. ಮನೆಯ ಎಲ್ಲ ವಸ್ತುಗಳ ಮೇಲೂ ಹಾಗೆಯೇ ಕಾಣದ ಅಕ್ಷರಗಳಲ್ಲಿ ಪರರ ಹೆಸರು ಕೊರೆದಿದೆಯೆಂದು ಭಾವಿಸಿ ಬಳಸಲು ನಮಗೆಲ್ಲ ಸನ್ಮತಿಯುಂಟಾಗಲಿ.